ಕೊಳಚೆಗೆ ಹಾಕಿದ ಹೆಪ್ಪು

ಚಳಿಗಾಲ ಸಮೀಪಿಸುತ್ತಿದ್ದಂತೆ ಕಾಲಿಂದಿ ಕುಂಜದ ಬಳಿ ಯಮುನೆಯ ಮೇಲೆ ಬಿಳಿಯ ನೊರೆ ತೇಲುವುದನ್ನು ದೆಹಲಿಯಲ್ಲಿ ನೆಲೆಸಿರುವ ನಮ್ಮಲ್ಲನೇಕರು ಕಣ್ಣಾರೆ ಕಂಡಿದ್ದೇವೆ. ರಜೆಗೆಂದು ಬೆಂಗಳೂರಿಗೆ ಹೋದರೆ ಅಲ್ಲಿ ಬೆಳ್ಳಂದೂರು ಕೆರೆಯ ನೊರೆಯ ಮಾತು. ೨೦೧೫ರಲ್ಲಿ ಆ ನೊರೆಗೆ ಬೆಂಕಿ ಹತ್ತಿಕೊಂಡಿತು. ೨೦೧೭ರಲ್ಲಿ, ಮತ್ತೆ ೨೦೧೮ರಲ್ಲಿ ಕೆರೆಯಂಗಳದಿಂದ ಹೊಗೆಯೆದ್ದಿತು. ಬೆಂಕಿಯನ್ನು ಆರಿಸಬೇಕಾದ ಕೆರೆಯೇ ಉರಿಯಿತೆಂದರೆ ಏನು ಹೇಳೋಣ? ಹುಟ್ಟಿದ ನಾಡಿನ ರಾಜಧಾನಿಗೂ ಹೊಟ್ಟೆಪಾಡಿಗೆ ಬಂದು ಸೇರಿದ ರಾಜಧಾನಿಗೂ ತಗುಲಿರುವ ರೋಗ ಒಂದೇ. ಮನೆ ಮನೆಯಿಂದ ಹೊರಟ ಕೊಳಚೆ ನೀರು ಶುದ್ಧಿಯಾಗದೆ, ಇಲ್ಲವೆ ಅರೆಬರೆ ಶುದ್ಧಿಯಾಗಿ, ಸಾಬೂನು ಪುಡಿಯ ಅಂಶವನ್ನೂ ಹೊತ್ತುಕೊಂಡು ನದಿಗೋ ಕೆರೆಗೋ ಸೇರುತ್ತಿದೆ.

ಇದಕ್ಕೆ ಔಷಧಿಯನ್ನು ವಿಜ್ಞಾನಿಗಳು ಇನ್ನೂ ಕಂಡುಹಿಡಿಯಬೇಕಾಗಿದೆ ಎಂದು ತಿಳಿದವರುಂಟು. ನಿಜಸಂಗತಿ ಹಾಗಿಲ್ಲ. ಔಷಧಿ ಸಿಕ್ಕಿ ನೂರು ವರ್ಷಕ್ಕೂ ಮೇಲಾಯಿತು. ಅದನ್ನು ಹುಡುಕುವ ದಾರಿ ತೋರಿಸಿದ ವಿಜ್ಞಾನಿ, ಅದು ಸಿಕ್ಕ ಎರಡೇ ವರ್ಷಗಳಲ್ಲಿ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದರು. ಆ ಕಥೆಯನ್ನೂ, ಅದು ಮುಂದೆ ಮರಳಿನ ಕಣದವರೆಗೆ ಬೆಳೆದ ಬಗೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮಣ್ಣು ಮಾಡುವ ಕೆಲಸ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ನಗರಗಳು ಇಂದಿನ ನಮ್ಮ ನಗರಗಳಿಗಿಂತ ಮೇಲಾಗಿರಲಿಲ್ಲ. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ದಡದ ಮೇಲಿನ ಪಾರ್ಲಿಮೆಂಟಿನಲ್ಲಿ ಕಿಟಕಿಯ ಪರದೆಗಳಿಗೆ ಸುಣ್ಣದ ದ್ರಾವಣ ಬಳಿದು ಸದಸ್ಯರು ಕೂರಬೇಕಾಯಿತು. ದೊಡ್ಡವರ ಮೂಗಿಗೆ ವಾಸನೆ ಬಡಿದ ಮೇಲೆ ಕಡತ ಚುರುಕಾಗಿ ಓಡಿತು. ಬ್ಯಾಜಲ್‌ಗೆಟ್ ಎಂಬ ಇಂಜಿನಿಯರು ಲಂಡನ್ನಿಗೆ ಭಾರಿ ಒಳಚರಂಡಿಗಳನ್ನು ಕಟ್ಟಿದ. ಆದರೆ ಚರಂಡಿ ಮಾಡುವುದು ಕೊಳಚೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೆಲಸವನ್ನಷ್ಟೆ. ಅದನ್ನು ಇಲ್ಲವಾಗಿಸುವುದು ಬೇರೆಯೇ ಕೆಲಸ.

ಆ ಕೆಲಸಕ್ಕೆ ಕೈಹಾಕಿದವರಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್ಲೆಂಡ್ ಒಬ್ಬ. ೧೮೬೮ರಲ್ಲಿ ನೇಮಕವಾದ ನದಿ ಮಾಲಿನ್ಯ ಆಯೋಗದ ಸದಸ್ಯನಾಗಿದ್ದ ಆತ, ಮಣ್ಣು ಮರಳು ತುಂಬಿದ ಕೊಳವೆಗಳ ಮೂಲಕ ಲಂಡನ್ನಿನ ಕೊಳಚೆಯನ್ನು ಇಳಿಸಿ ನೋಡಿದ. ಬಿಡುವಿಲ್ಲದೆ ಸುರಿದರೆ ಮಣ್ಣು ಕೊಳೆತು ನಾರುತ್ತಿತ್ತು. ಸ್ವಲ್ಪ ಸುರಿದು, ಮಣ್ಣಿಗೆ ಗಾಳಿಯಾಡಲು ಬಿಡುವು ಕೊಟ್ಟು, ಮತ್ತೆ ಸುರಿದರೆ ಕೆಳಗೆ ತಿಳಿನೀರು ಬರುತ್ತಿತ್ತು. ಗಾಳಿಯ ಆಮ್ಲಜನಕ ಕೊಳಚೆಯನ್ನು ನಿಧಾನವಾಗಿ ಸುಡುತ್ತದೆ ಎಂಬುದು ಅಂದಿನವರ ವಿವರಣೆ. ಸುಡುವವರು ಯಾರೆಂಬುದು ಇನ್ನೂ ತಿಳಿದಿರಲಿಲ್ಲ.

ಅದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್, ೧೮೭೭ರಲ್ಲಿ. ಒಂದು ಗಾಜಿನ ಕೊಳವೆಗೆ ಮರಳನ್ನೂ ಸ್ವಲ್ಪ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಕೊಳಚೆಯನ್ನು ತೀರ ನಿಧಾನವಾಗಿ ಇಳಿಬಿಟ್ಟರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹೋದ ಅಮೋನಿಯವೇ ಕೆಳಗೆ ಬಂದಿತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಅಮೋನಿಯದ ಸುಳಿವೇ ಇಲ್ಲದಂತಾಯಿತು. ಇದು ಕೇವಲ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ನಡೆಯಬೇಕಾಗಿತ್ತಲ್ಲವೆ? ಸಂಶಯ ಬಂದ ಇವರು ಕೊಳವೆಯೊಳಕ್ಕೆ ಕ್ಲೋರೋಫಾರಮ್ಮಿನ ಆವಿ ಬಿಟ್ಟರು. ಕೆಲಸ ನಿಂತೇ ಹೋಯಿತು. ಕ್ಲೋರೋಫಾರಂ ತೆಗೆದು, ತೋಟದ ಮಣ್ಣನ್ನು ತೊಳೆದ ನೀರನ್ನು ಸ್ವಲ್ಪ ಹಾಕಿದರು. ಕೆಲವು ದಿನಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು. ಮೂರ್ಛೆ ಹೋಗುವಂಥದೇನೋ ಜೀವವುಳ್ಳದ್ದು ಮರಳಿನಲ್ಲಿ ವಾಸವಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮುಂದೆ ೧೮೯೦ರ ಸುಮಾರಿಗೆ ವಿನೋಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಆ ಬ್ಯಾಕ್ಟೀರಿಯಗಳನ್ನೇ ಬೇರ್ಪಡಿಸಿ ತೋರಿಸಿದ.

ನಮ್ಮ ಅಜ್ಜಿಯಂದಿರಿಗೆ ಇದನ್ನು ವಿವರಿಸಿದ್ದರೆ ಅಂಥ ಆಶ್ಚರ್ಯಪಡುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕದೆ ಗಟ್ಟಿ ಮೊಸರಾಗದು. ಹಾಲು ಕುದಿಯುತ್ತಿರುವಾಗಲೇ ಹೆಪ್ಪು ಹಾಕಿದರೂ ಆಗದು. ತೋಟದ ಮಣ್ಣಿನ ತೊಳೆನೀರು ಶ್ಲೋಸಿಂಗನ ಕೊಳವೆಗೆ ಬಿದ್ದ ಹೆಪ್ಪು.

ಕಲ್ಲಿನ ಹಾಸಿಗೆ

ಕೊಳಚೆಯನ್ನು ತಿಂದು ತೀರಿಸುವ ಜೀವಿಗಳು ಕೊಳಚೆಯಲ್ಲೂ ಮಣ್ಣಿನಲ್ಲೂ ಇದ್ದೇ ಇವೆ ಎಂದು ತಿಳಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಕೊಳಚೆಗೆ ಯಾವ ಮದ್ದು ಬೆರೆಸಬೇಕು ಎಂಬುದಕ್ಕೆ ಬದಲಾಗಿ, ಈ ಜೀವಿಗಳಿಗೆ ಎಂಥ ಮನೆ ಕಟ್ಟಿಕೊಡಬೇಕು ಎಂದು ಜನ ಕೇಳತೊಡಗಿದರು. ಅವುಗಳಿಗೆ ಬೇಕಾದ್ದು ಮೂರು: ಊಟ, ಗಾಳಿ, ಕಾಲೂರಲು ಒಂದು ನೆಲೆ. ಊಟಕ್ಕೆ ಕೊರತೆಯಿಲ್ಲ. ಗಾಳಿ ಮತ್ತು ನೆಲೆಗಳದೇ ಪ್ರಶ್ನೆ. ಅಂದಿನಿಂದ ಇಂದಿನವರೆಗಿನ ಇತಿಹಾಸವೆಲ್ಲ ಈ ಎರಡನ್ನು ಒದಗಿಸುವ ಇತಿಹಾಸವೆಂದರೆ ತಪ್ಪಾಗಲಾರದು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರು ೧೮೮೭ರಲ್ಲಿ ಲಾರೆನ್ಸ್ ಎಂಬ ಗಿರಣಿ ಊರಿನಲ್ಲಿ ಒಂದು ಪ್ರಯೋಗ ಕೇಂದ್ರವನ್ನು ತೆರೆದರು. ಮರಳು, ಜಲ್ಲಿಗಳ ಮೇಲೆ ಕೊಳಚೆ ಹರಿಸಿ ವರ್ಷಗಟ್ಟಲೆ ಅಳೆದರು. ಇತ್ತ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರಿನ ಮಗ್ಗುಲಿನ ಸಾಲ್ಫರ್ಡಿನಲ್ಲಿ, ಜೋಸೆಫ್ ಕಾರ್ಬೆಟ್ ೧೮೯೩ರಲ್ಲಿ ಕಲ್ಲುಗಳ ದಪ್ಪ ಹಾಸಿನ ಮೇಲೆ ಕೊಳಚೆಯನ್ನು ತುಂತುರಾಗಿ ಚಿಮುಕಿಸಿದ. ಕಲ್ಲಿನ ಮೇಲೆ ಪಾಚಿಯಂತೆ ಜಾರುವ ಒಂದು ಲೋಳೆ ಬೆಳೆಯುತ್ತದೆ. ಆ ಲೋಳೆಯೇ ಬ್ಯಾಕ್ಟೀರಿಯಗಳ ಊರು. ಕಲ್ಲುಗಳ ಸಂದಿಯಲ್ಲಿ ಗಾಳಿ, ಲೋಳೆಯ ಮೇಲೆ ತೆಳುವಾಗಿ ಇಳಿಯುವ ಕೊಳಚೆ. ಕೆಳಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಕೆಲಸ ಮುಗಿದಿರುತ್ತದೆ.

ಈ ಕಲ್ಲುಹಾಸುಗಳು ಊರೂರಿಗೆ ಹಬ್ಬಿದವು. ಆದರೆ ಅವಕ್ಕೆ ಬಹಳ ಜಾಗ ಬೇಕು. ಸುತ್ತ ನೊಣದ ಕಾಟ ಬೇರೆ. ಬಟ್ಟೆ ಗಿರಣಿಗಳ ಮ್ಯಾಂಚೆಸ್ಟರ್ ನಗರ ಬೆಳೆಯುತ್ತಲೇ ಇತ್ತು. ೧೮೯೪ರಲ್ಲಿ ಹಡಗುಕಾಲುವೆ ತೆರೆಯಿತು. ಅದೇ ವರ್ಷ ನಗರದ ಹೊರಗೆ ಡೇವಿಹ್ಯೂಮ್ ಎಂಬಲ್ಲಿ ಕೊಳಚೆ ಶುದ್ಧಿ ಕೇಂದ್ರವೂ ಆರಂಭವಾಯಿತು. ಊರು ಬೆಳೆದಂತೆ ಎಷ್ಟು ಎಕರೆ ಕಲ್ಲು ಹಾಸುವುದು? ಇದು ಡೇವಿಹ್ಯೂಮಿನವರನ್ನು ಕಾಡಿದ ಚಿಂತೆ.

ಕಂದು ಕಾಗದ ಸುತ್ತಿದ ಸೀಸೆ

ಮ್ಯಾಂಚೆಸ್ಟರ್ ನಗರಸಭೆಗೆ ಸಲಹೆಗಾರರಾಗಿದ್ದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್, ೧೯೧೨ರಲ್ಲಿ ನ್ಯೂಯಾರ್ಕ್ ಬಂದರಿನ ಮಾಲಿನ್ಯದ ಕೆಲಸದ ಮೇಲೆ ಅಮೆರಿಕಕ್ಕೆ ಹೋದವರು ಲಾರೆನ್ಸ್ ಕೇಂದ್ರಕ್ಕೂ ಭೇಟಿಕೊಟ್ಟರು. ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಎಂಬಿಬ್ಬರು ಕೊಳಚೆ ತುಂಬಿದ ಸೀಸೆಗಳಿಗೆ ಗಾಳಿಯೂದಿ ಹಸಿರು ಪಾಚಿ ಬೆಳೆಸುತ್ತಿದ್ದರು, ನೀರು ತಿಳಿಯಾಗುತ್ತಿತ್ತು. ಫೌಲರ್ ಊರಿಗೆ ಹಿಂದಿರುಗಿ, ಡೇವಿಹ್ಯೂಮಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬವರಿಗೆ ಇದನ್ನು ಪ್ರಯೋಗಿಸಿ ನೋಡಲು ಹೇಳಿದರು.

ಆರ್ಡರ್ನ್ ಮತ್ತು ಲಾಕೆಟ್ ಸೀಸೆಗಳಿಗೆ ಕಂದು ಕಾಗದ ಸುತ್ತಿದರು. ಬೆಳಕು ಬೀಳದಿದ್ದರೆ ಪಾಚಿ ಬೆಳೆಯದು. ಪಾಚಿಯಿಲ್ಲದೆಯೂ ಕೆಲಸ ಆಗುತ್ತದೆಯೆ ಎಂದು ನೋಡುವುದು ಅವರ ಉದ್ದೇಶ. ಕೊಳಚೆ ತುಂಬಿ ಗಾಳಿಯೂದಿದರು. ಪೂರ್ತಿ ಶುದ್ಧಿಯಾಗಲು ಸುಮಾರು ಐದು ವಾರ ಹಿಡಿಯಿತು. ಐದು ವಾರ ಒಂದು ನಗರದ ಕೊಳಚೆಯನ್ನು ಹಿಡಿದಿಡುವುದುಂಟೆ?

ಅವರು ಮಾಡಿದ ಮುಂದಿನ ಕೆಲಸ ನೋಡಲು ಬಹಳ ಸಣ್ಣದು. ಮೇಲಿನ ತಿಳಿನೀರನ್ನು ಬಸಿದರು. ತಳದಲ್ಲಿ ನಿಂತ ಕಂದು ಬಣ್ಣದ ಗಷ್ಟನ್ನು ಚೆಲ್ಲದೆ ಹಾಗೆಯೇ ಬಿಟ್ಟು, ಅದರ ಮೇಲೆ ಹೊಸ ಕೊಳಚೆ ತುಂಬಿ ಮತ್ತೆ ಗಾಳಿಯೂದಿದರು. ಈ ಸಲ ಅಷ್ಟು ದಿನ ಬೇಕಾಗಲಿಲ್ಲ. ಮತ್ತೆ ಬಸಿದರು, ಮತ್ತೆ ತುಂಬಿದರು. ಪ್ರತಿ ಸುತ್ತಿಗೂ ಗಷ್ಟು ಹೆಚ್ಚಿತು, ಕಾಲ ಕಡಿಮೆಯಾಯಿತು. ಕೊನೆಗೆ ಒಂದು ದಿನಕ್ಕಿಂತಲೂ ಕಡಿಮೆ ಅವಧಿಯಲ್ಲಿ ಕೊಳಚೆ ತಿಳಿಯಾಯಿತು. ಅದುವರೆಗೆ ಎಲ್ಲರೂ ಹೊಲಸೆಂದು ಎಸೆಯುತ್ತಿದ್ದ ಗಷ್ಟೇ ಕೊಳಚೆಯನ್ನು ತಿನ್ನುವ ಜೀವಿಗಳ ತವರು. ಮೊಸರಿನ ತಳದ ಒಂದು ಚಮಚವನ್ನು ನಾಳೆಗೆಂದು ಎತ್ತಿಡುವ ಗೃಹಿಣಿಯ ಲೆಕ್ಕಾಚಾರ ಇದೇ. ಅವರು ಅದಕ್ಕೆ ಆಕ್ಟಿವೇಟೆಡ್ ಸ್ಲಡ್ಜ್, ಎಂದರೆ ಚುರುಕುಗೊಂಡ ಗಷ್ಟು, ಎಂದು ಹೆಸರಿಟ್ಟು, ೧೯೧೪ರ ಏಪ್ರಿಲ್ ೩ರಂದು ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ತಮ್ಮ ಪ್ರಬಂಧವನ್ನು ಓದಿದರು.

ನಾಲ್ಕು ತಿಂಗಳಲ್ಲಿ ಮಹಾಯುದ್ಧ ಆರಂಭವಾಯಿತು. ಆದರೂ ವಿಧಾನ ಹರಡಿತು. ಅಮೆರಿಕದ ಮಿಲ್ವಾಕೀ ನಗರ ೧೯೨೦ರ ದಶಕದಲ್ಲಿ ಭಾರಿ ಕೇಂದ್ರವನ್ನೇ ಕಟ್ಟಿ, ಮಿಕ್ಕ ಗಷ್ಟನ್ನು ಒಣಗಿಸಿ ಗೊಬ್ಬರವಾಗಿ ಮಾರತೊಡಗಿತು. ಪೇಟೆಂಟ್ ಹಕ್ಕಿನವರು ನಗರದ ಮೇಲೆ ದಾವೆ ಹೂಡಿದ್ದೂ ಉಂಟು. ಹೊಲಸಿಗೂ ಹಕ್ಕುದಾರರಿರುತ್ತಾರೆ ಎಂದು ಕೇಳಿ ನಗು ಬಂದೀತು. ಆದರೆ ಅದಕ್ಕೆ ಎಷ್ಟು ಬೆಲೆಯಿತ್ತೆಂಬುದು ಇದರಿಂದ ತಿಳಿಯುತ್ತದೆ.

ಬೆಂಗಳೂರಿಗೆ ಬಂದ ಫೌಲರ್

ಇತ್ತ ಬೆಂಗಳೂರಿನಲ್ಲಿ ಜಮ್‌ಶೇಟ್‌ಜಿ ತಾತಾ ಅವರ ಕನಸಿನ ಕೂಸಾದ ಭಾರತೀಯ ವಿಜ್ಞಾನ ಮಂದಿರ, ನಮ್ಮವರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’, ೧೯೦೯ರಲ್ಲಿ ಸ್ಥಾಪನೆಯಾಗಿತ್ತು. ೧೯೧೬ರಲ್ಲಿ ಗಿಲ್ಬರ್ಟ್ ಫೌಲರ್ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದರು. ಮಂದಿರದ ಜೀವರಸಾಯನ ವಿಭಾಗಕ್ಕೆ ತಳಹದಿ ಹಾಕಿದವರು ಅವರೇ. ಮಣ್ಣಿನಿಂದ ಬೆಳೆಯ ಮೂಲಕ ನಮ್ಮ ಹೊಟ್ಟೆಗೆ ಬಂದ ಸಾರಜನಕವನ್ನು ಸಮುದ್ರಕ್ಕೆ ಚೆಲ್ಲದೆ ಮತ್ತೆ ಮಣ್ಣಿಗೇ ಮುಟ್ಟಿಸುವುದು ಹೇಗೆ ಎಂಬುದು ಅವರ ಜೀವಮಾನದ ಚಿಂತನೆ. ೧೯೩೪ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನೇ ಬರೆದರು. ಗೊಬ್ಬರದ ಗುಂಡಿಯ ಬೆಲೆ ಬಲ್ಲ ನಮ್ಮ ರೈತರಿಗೆ ಈ ಮಾತು ಹೊಸದಾಗಿ ಕೇಳಿಸಿರಲಾರದು.

ಫೌಲರ್ ಬಿತ್ತಿದ ಬೀಜ ಅಲ್ಲಿಯೇ ಮೊಳೆಯಿತು. ೧೯೪೨ರಲ್ಲಿ ಅದೇ ಮಂದಿರದ ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಎಂಬ ಇಬ್ಬರು ಸಂಶೋಧಕರು, ಈ ಚುರುಕು ಗಷ್ಟಿನಲ್ಲಿ ಬ್ಯಾಕ್ಟೀರಿಯಗಳಲ್ಲದೆ ಪ್ರೋಟೋಜೋವ ಎಂಬ, ಅವಕ್ಕಿಂತ ದೊಡ್ಡದಾದ ಏಕಕೋಶ ಜೀವಿಗಳೂ ನೀರನ್ನು ತಿಳಿಯಾಗಿಸುವುದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆ ಎಂದು ವಾದಿಸಿ, ‘ನೇಚರ್’ ಎಂಬ ಜಗದ್ವಿಖ್ಯಾತ ಪತ್ರಿಕೆಯಲ್ಲಿ ಬರೆದರು. ಇಂದಿಗೂ ಕೊಳಚೆ ಕೇಂದ್ರದಲ್ಲಿ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಂಟೆಯಾಕಾರದ ಪ್ರೋಟೋಜೋವಗಳು ಕಾಣಿಸಿದರೆ ಎಲ್ಲ ನೆಟ್ಟಗಿದೆ ಎಂದು ತಿಳಿಯುತ್ತಾರೆ.

ಎಂದರೆ, ಬೆಳ್ಳಂದೂರಿನ ನೊರೆಗೆ ಒಂದು ಶತಮಾನ ಮೊದಲೇ ಬೆಂಗಳೂರಿಗೆ ಈ ವಿದ್ಯೆ ಬಂದಿತ್ತು. ಅದು ಅಲ್ಲಿ ಓದಲ್ಪಟ್ಟಿತು, ಬೆಳೆಸಲ್ಪಟ್ಟಿತು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕುದಿಯುವ ಮರಳು

ಗಷ್ಟಿನ ವಿಧಾನಕ್ಕೂ ಒಂದು ಕೊರತೆಯಿದೆ. ಗಷ್ಟು ನೀರಿನಲ್ಲಿ ತೇಲಾಡುವಂಥದು, ಎಲ್ಲಿಯೂ ಅಂಟಿಕೊಂಡಿಲ್ಲ. ನೀರಿನ ಹರಿವು ಹೆಚ್ಚಾದರೆ ಅದೂ ಕೊಚ್ಚಿಹೋಗುತ್ತದೆ. ಆದ್ದರಿಂದ ಅದು ತಳಕ್ಕಿಳಿಯಲು ದೊಡ್ಡ ತೊಟ್ಟಿಯೊಂದನ್ನು ಕಟ್ಟಿ, ಅಲ್ಲಿಂದ ಪಂಪಿನ ಮೂಲಕ ಹಿಂದಕ್ಕೆ ತರಬೇಕು. ಸಾಮಾನ್ಯವಾಗಿ ಲೀಟರಿಗೆ ಎರಡು ಮೂರು ಗ್ರಾಂ ಜೀವರಾಶಿಯನ್ನಷ್ಟೇ ಹೀಗೆ ಹಿಡಿದಿಡಬಹುದು. ಕಲ್ಲುಹಾಸಿನಲ್ಲಿ ಜೀವಿಗಳಿಗೆ ಗಟ್ಟಿ ನೆಲೆಯುಂಟು, ಆದರೆ ಜಾಗ ಸಾಲದು. ಗಷ್ಟಿನಲ್ಲಿ ಗಾಳಿಯುಂಟು, ಆದರೆ ನೆಲೆಯಿಲ್ಲ. ನೆಲೆ ತಪ್ಪಿದವರು ಹರಿವಿಗೆ ಸಿಕ್ಕಿ ಎಲ್ಲಿಗೋ ಹೋಗುವುದು ಊರು ಬಿಟ್ಟು ಬಂದ ನಮಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಎರಡನ್ನೂ ಕೂಡಿಸಲು ಸಾಧ್ಯವೆ? ಇದಕ್ಕೆ ಉತ್ತರ ಬಂದದ್ದು ಕೊಳಚೆಗೆ ಸಂಬಂಧವೇ ಇಲ್ಲದ ಕಡೆಯಿಂದ. ಜರ್ಮನಿಯ ಫ್ರಿಟ್ಸ್ ವಿಂಕ್ಲರ್ ಎಂಬಾತ ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಕೆಲಸದಲ್ಲಿದ್ದಾಗ, ಕಲ್ಲಿದ್ದಲಿನ ಸಣ್ಣ ಕಣಗಳ ರಾಶಿಗೆ ಕೆಳಗಿನಿಂದ ಅನಿಲವನ್ನು ಊದಿದರೆ, ಒಂದು ವೇಗ ಮುಟ್ಟಿದಾಗ ಇಡೀ ರಾಶಿ ಮೇಲೆದ್ದು ಕುದಿಯುವ ದ್ರವದಂತೆ ಆಡುವುದನ್ನು ಕಂಡ. ೧೯೨೨ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಅಮೆರಿಕದ ಬ್ಯಾಟನ್‌ರೂಜ್ ಎಂಬಲ್ಲಿ ಇದೇ ತತ್ತ್ವದಿಂದ ಭಾರವಾದ ತೈಲವನ್ನು ಪೆಟ್ರೋಲಾಗಿ ಒಡೆಯುವ ಯಂತ್ರ ನಡೆಯಿತು. ಇದಕ್ಕೆ ಫ್ಲೂಯಿಡೈಸ್ಡ್ ಬೆಡ್ ಎಂದು ಹೆಸರು. ಅಡುಗೆಮನೆಯಲ್ಲಿ ಅನ್ನ ಕುದಿಯುವಾಗ ಅಕ್ಕಿಕಾಳುಗಳು ಒಂದಕ್ಕೊಂದು ತಾಗಿಯೂ ತಾಗದಂತೆ ಮೇಲೆ ಕೆಳಗೆ ಓಡಾಡುವುದನ್ನು ನೆನೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಇಲ್ಲಿ ಕಾಳನ್ನು ಎತ್ತುವುದು ಕೆಳಗಿನಿಂದ ಬರುವ ಹರಿವು, ಅಷ್ಟೆ.

೧೯೭೦ರ ದಶಕದಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಕಾಲೇಜಿನ ಜಾನ್ ಜೆರಿಸ್ ಮತ್ತು ಸಂಗಡಿಗರು ಈ ಉಪಾಯವನ್ನು ಕೊಳಚೆಗೆ ತಂದರು. ಅವರ ಮುಂದಿದ್ದ ಸಮಸ್ಯೆ ನೈಟ್ರೇಟಿನದು. ಶ್ಲೋಸಿಂಗನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಆದರೆ ನೈಟ್ರೇಟ್ ಹೆಚ್ಚಿದ ನೀರು ಕುಡಿಯಲು ಒಳ್ಳೆಯದಲ್ಲ, ಎಳೆ ಕೂಸುಗಳಿಗಂತೂ ಅಪಾಯ. ಬೇರೆ ಜಾತಿಯ ಬ್ಯಾಕ್ಟೀರಿಯಗಳು, ಗಾಳಿ ಸಿಗದೆ ಇದ್ದಾಗ, ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ವಾಯುವಾಗಿ ಬಿಟ್ಟುಬಿಡುತ್ತವೆ. ಅವನ್ನು ಮರಳಿನ ಕೊಳವೆಯಲ್ಲಿ ಬೆಳೆಸಿದರೆ ಲೋಳೆ ದಪ್ಪವಾಗಿ ಕೊಳವೆಯೇ ಕಟ್ಟಿಕೊಳ್ಳುತ್ತಿತ್ತು. ಜೆರಿಸ್ ನೀರನ್ನು ಮೇಲಿನಿಂದ ಇಳಿಸದೆ ಕೆಳಗಿನಿಂದ ಜೋರಾಗಿ ಏರಿಸಿದರು. ಮರಳೆಲ್ಲ ಮೇಲೆದ್ದು ಕುದಿಯಿತು. ಕಟ್ಟಿಕೊಳ್ಳುವ ಮಾತೇ ಇಲ್ಲ. ಪ್ರತಿಯೊಂದು ಕಣಕ್ಕೂ ಸುತ್ತ ಲೋಳೆಯ ಅಂಗಿ. ಕಣ ಭಾರವಾದ್ದರಿಂದ ಕೊಚ್ಚಿಹೋಗುವ ಭಯವಿಲ್ಲ. ೧೯೭೪ರಲ್ಲಿ ಈ ಪ್ರಯೋಗಗಳು ಪ್ರಕಟವಾದವು. ಹಳೆಯ ತೊಟ್ಟಿಗಳು ಗಂಟೆಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈ ಮರಳು ನಿಮಿಷಗಳಲ್ಲಿ ಮುಗಿಸುತ್ತಿತ್ತು.

ಇದರ ಗುಟ್ಟನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ವಸ್ತುವನ್ನು ಚೂರು ಮಾಡಿದಷ್ಟೂ ಅದರ ಮೇಲ್ಮೈ ಹೆಚ್ಚುತ್ತದೆ. ಒಂದು ಘನ ಮೀಟರ್ ಜಾಗದಲ್ಲಿ ಐದು ಸೆಂಟಿಮೀಟರಿನ ದುಂಡು ಕಲ್ಲುಗಳನ್ನು ತುಂಬಿದರೆ ಅವುಗಳ ಒಟ್ಟು ಮೇಲ್ಮೈ ಸುಮಾರು ೬೦–೭೦ ಚದರ ಮೀಟರ್. ಒಂದು ಸಣ್ಣ ಫ್ಲ್ಯಾಟಿನ ನೆಲದಷ್ಟು. ಅದೇ ಜಾಗದಲ್ಲಿ ಅರ್ಧ ಮಿಲಿಮೀಟರಿನ ಮರಳು ತೇಲಾಡುತ್ತಿದ್ದರೆ ಮೇಲ್ಮೈ ನಾಲ್ಕೈದು ಸಾವಿರ ಚದರ ಮೀಟರ್. ಎಂದರೆ ಒಂದು ಎಕರೆಗೂ ಹೆಚ್ಚಿನ ನೆಲವನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಮಡಿಸಿಟ್ಟಂತಾಯಿತು. ಅಷ್ಟು ನೆಲದಲ್ಲಿ ಲೀಟರಿಗೆ ಹತ್ತು ಗ್ರಾಂಗೂ ಮೀರಿ ಜೀವರಾಶಿ ನೆಲೆಸುತ್ತದೆ. ಮ್ಯಾಂಚೆಸ್ಟರಿನವರ ಎಕರೆಗಟ್ಟಲೆಯ ಚಿಂತೆಗೆ ಉತ್ತರ ಸಿಕ್ಕಿತು. ೧೯೮೦ರಲ್ಲಿ ಈ ವಿಷಯದ ವಿದ್ವಾಂಸರು ಸಮ್ಮೇಳನ ನಡೆಸಿದ್ದೂ ಅದೇ ಮ್ಯಾಂಚೆಸ್ಟರಿನಲ್ಲಿ.

ಇದು ಪುಸ್ತಕದಲ್ಲಿಯೇ ಉಳಿಯಲಿಲ್ಲ. ಅಮೆರಿಕದ ನೆವಾಡದಲ್ಲಿ ರೀನೋ ಪಟ್ಟಣದ ಕೊಳಚೆಯ ನೈಟ್ರೇಟನ್ನು ತೆಗೆಯಲು ಇಂಥ ಮರಳಿನ ಗೋಪುರಗಳನ್ನು ನಿಲ್ಲಿಸಿದರು. ಕ್ಯಾಲಿಫೋರ್ನಿಯದ ರಾಂಚೋ ಕಾರ್ಡೋವ ಎಂಬಲ್ಲಿ ರಾಕೆಟ್ ಇಂಧನದ ಪರ್‌ಕ್ಲೋರೇಟ್ ಎಂಬ ವಿಷ ಅಂತರ್ಜಲಕ್ಕೆ ಇಳಿದಿತ್ತು. ೧೯೯೮ರಿಂದ ಅಲ್ಲಿ ಇದ್ದಿಲಿನ ಕಣಗಳ ಮೇಲೆ ಬ್ಯಾಕ್ಟೀರಿಯ ಬೆಳೆಸಿ, ಅವಕ್ಕೆ ಸ್ವಲ್ಪ ಮದ್ಯಸಾರವನ್ನು ಆಹಾರವಾಗಿ ಕೊಟ್ಟು, ಆ ವಿಷವನ್ನು ನಿರುಪದ್ರವಿ ಉಪ್ಪಿನ ಅಂಶವಾಗಿ ಮಾರ್ಪಡಿಸುತ್ತಿದ್ದಾರೆ. ಮನುಷ್ಯ ರಾಕೆಟ್ ಹಾರಿಸಲು ಮಾಡಿದ ಮದ್ದನ್ನೂ ತಿನ್ನುವ ಜೀವಿ ಭೂಮಿಯ ಮೇಲಿದೆ ಎಂಬುದು ಸೋಜಿಗವಲ್ಲವೆ?

ಹಾಲೆಂಡಿನ ಲೆಟಿಂಗ ಎಂಬ ವಿಜ್ಞಾನಿ ಅದೇ ೧೯೭೦ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದರು. ನೀರನ್ನು ಹದವಾಗಿ ಮೇಲೇರಿಸಿದರೆ ಗಾಳಿ ಬೇಡದ ಬ್ಯಾಕ್ಟೀರಿಯಗಳು ಮರಳಿನ ಹಂಗಿಲ್ಲದೆ ತಾವೇ ಉಂಡೆ ಕಟ್ಟಿಕೊಂಡು ನಿಲ್ಲುತ್ತವೆ ಎಂದು ತೋರಿಸಿದರು. ಗಂಗಾ ಶುದ್ಧೀಕರಣ ಯೋಜನೆಯಲ್ಲಿ, ಹಾಲೆಂಡಿನ ನೆರವಿನಿಂದ, ೧೯೮೯ರಲ್ಲಿ ಕಾನ್ಪುರದಲ್ಲಿ ದಿನಕ್ಕೆ ೫೦ ಲಕ್ಷ ಲೀಟರಿನ ಇಂಥ ಕೇಂದ್ರ ನಡೆಯತೊಡಗಿತು. ೧೯೮೦ರ ದಶಕದ ಕೊನೆಯಲ್ಲಿ ನಾರ್ವೆಯವರು ಮರಳಿಗೆ ಬದಲಾಗಿ, ಚಕ್ರದಾಕಾರದ ಪ್ಲಾಸ್ಟಿಕ್ ತುಣುಕುಗಳನ್ನು ನೀರಿನಲ್ಲಿ ತೇಲಿಬಿಟ್ಟು ಅವುಗಳ ಮೇಲೆ ಲೋಳೆ ಬೆಳೆಸಿದರು. ಇಂದು ಬೆಂಗಳೂರು, ಪುಣೆ, ಗುಡಗಾಂವುಗಳ ಅನೇಕ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ತಿರುಗುತ್ತಿರುವುದು ಇದೇ ತುಣುಕು.

ಗಾಳಿಯನ್ನೂ ತೊಳೆಯಬಹುದು

ನೀರಿಗಾದದ್ದು ಗಾಳಿಗೂ ಆದೀತೆಂದು ಹೊಳೆದದ್ದು ಸಹಜವೇ. ಕೊಳಚೆ ಕೇಂದ್ರದ ದುರ್ವಾಸನೆಯ ಗಾಳಿಯನ್ನು ಮಣ್ಣಿನ ಪದರದ ಮೂಲಕ ಹಾಯಿಸಿದರೆ ವಾಸನೆ ಅಡಗುತ್ತದೆ. ಅಮೆರಿಕದ ರಿಚರ್ಡ್ ಪಾಮರಾಯ್ ೧೯೫೭ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮಣ್ಣಿನ ತೇವದಲ್ಲಿರುವ ಬ್ಯಾಕ್ಟೀರಿಯಗಳು ವಾಸನೆಯ ಅನಿಲವನ್ನೇ ತಿನ್ನುತ್ತವೆ. ಆದರೆ ಮಣ್ಣು ಒಂದು ಕಡೆ ಒಣಗಿ ಬಿರಿಯುತ್ತದೆ, ಇನ್ನೊಂದು ಕಡೆ ಗಟ್ಟಿಯಾಗುತ್ತದೆ. ಗಾಳಿ ಬಿರುಕು ಹುಡುಕಿಕೊಂಡು ತೊಳೆಸಿಕೊಳ್ಳದೆಯೇ ಹೊರಬೀಳುತ್ತದೆ. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು ಈ ಶತಮಾನದ ಮೊದಲ ದಶಕದಲ್ಲಿ, ಜೌಗು ನೆಲದ ಪೀಟ್ ಎಂಬ ಒಣಮಣ್ಣಿನ ಕಣಗಳನ್ನು ಗಾಳಿಯಲ್ಲೇ ಕುದಿಯುವಂತೆ ಎಬ್ಬಿಸಿ, ಮದ್ಯಸಾರದ ಆವಿಯನ್ನು ಬ್ಯಾಕ್ಟೀರಿಯಗಳಿಂದ ತಿನ್ನಿಸಿ ನೋಡಿದರು. ಕಣಗಳು ಸದಾ ಹೊರಳುತ್ತಿರುವುದರಿಂದ ಬಿರುಕಿಗೆ ಎಡೆಯಿಲ್ಲ. ಆದರೆ ತೇವ ಹೆಚ್ಚಿದರೆ ಕಣಗಳು ಉಪ್ಪಿಟ್ಟಿನ ಗಂಟಿನಂತೆ ಅಂಟಿಕೊಳ್ಳುತ್ತವೆ, ಕಡಿಮೆಯಾದರೆ ಬ್ಯಾಕ್ಟೀರಿಯ ಸಾಯುತ್ತದೆ. ಕಾರ್ಖಾನೆಯ ಬಣ್ಣದ ಆವಿ, ದ್ರಾವಕದ ವಾಸನೆಗಳಿಗೆ ಇಂಥ ವಿಧಾನ ಒದಗೀತು. ದೆಹಲಿಯ ಚಳಿಗಾಲದ ಹೊಗೆಮಂಜನ್ನು ಇದರಿಂದ ತೊಳೆಯಬಹುದೆಂದು ಯಾರೂ ಭ್ರಮಿಸಬಾರದು. ಆ ಹೊಗೆಯ ಮುಖ್ಯ ಅಂಶ ಧೂಳು ಮತ್ತು ಮಸಿ. ಅದನ್ನು ಹುಟ್ಟುವ ಕಡೆಯಲ್ಲೇ ತಡೆಯಬೇಕು.

ಮನೆಯುಂಟು, ಊಟವುಂಟು, ನೋಡಿಕೊಳ್ಳುವವರಿಲ್ಲ

ಇಷ್ಟು ಜಾಣತನದ ಯಂತ್ರವಿದ್ದರೆ ಎಲ್ಲೆಡೆಯೂ ಏಕೆ ಹಾಕಲಿಲ್ಲ ಎಂದು ವಾಚಕರು ಕೇಳಬಹುದು. ಕುದಿಯುವ ಮರಳಿಗೆ ಹಗಲಿರುಳೂ ಪಂಪು ನಡೆಯಬೇಕು, ವಿದ್ಯುತ್ತು ಬೇಕು. ಕೆಳಗಿನಿಂದ ನೀರು ಎಲ್ಲೆಡೆ ಸಮನಾಗಿ ಏಳದಿದ್ದರೆ ಒಂದು ಮೂಲೆಯ ಮರಳು ಸತ್ತಂತೆ ಕೂರುತ್ತದೆ. ಲೋಳೆ ದಪ್ಪವಾದಷ್ಟೂ ಕಣ ಹಗುರಾಗಿ ಮೇಲಕ್ಕೆ ತೇಲಿ ಹೊರಹೋಗುತ್ತದೆ. ಅದನ್ನು ಹಿಡಿದು, ಉಜ್ಜಿ, ತೊಳೆದು ಹಿಂದಕ್ಕೆ ಹಾಕಬೇಕು. ತಿಳಿದವರ ಕಣ್ಣು ಸದಾ ಇರಬೇಕು. ಜಾಗ ಉಳಿದಷ್ಟೂ ಆರೈಕೆ ಹೆಚ್ಚು. ಕಲ್ಲುಹಾಸು ಒಂದು ದಿನದ ಅಲಕ್ಷ್ಯವನ್ನು ಸಹಿಸೀತು. ಗಾಳಿ ಊದುವ ತೊಟ್ಟಿಯೂ ಮರಳಿನ ಗೋಪುರವೂ ಸಹಿಸಲಾರವು. ಗಾಳಿ ನಿಂತ ಕೆಲವು ಗಂಟೆಗಳಲ್ಲಿ ಚುರುಕು ಗಷ್ಟು ಸೋತು, ಕಪ್ಪಾಗಿ, ಕೊಳೆಯತೊಡಗುತ್ತದೆ.

ನಮ್ಮ ದೇಶದ ಲೆಕ್ಕ ಇಲ್ಲಿಗೆ ಬಂದು ಮುಟ್ಟುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೨೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ನಗರಗಳಲ್ಲಿ ದಿನವೊಂದಕ್ಕೆ ಹುಟ್ಟುವ ಕೊಳಚೆ ೭೨,೩೬೮ ದಶಲಕ್ಷ ಲೀಟರ್. ಅದನ್ನು ಶುದ್ಧಿ ಮಾಡಲು ಕಟ್ಟಿರುವ ಕೇಂದ್ರಗಳ ಸಾಮರ್ಥ್ಯ ೩೧,೮೪೧ ದಶಲಕ್ಷ ಲೀಟರ್. ವಾಸ್ತವವಾಗಿ ಶುದ್ಧಿಯಾಗುತ್ತಿದ್ದುದು ೨೦,೨೩೬ ದಶಲಕ್ಷ ಲೀಟರ್. ಕಡತಗಳ ನಡುವೆ ಬಾಳು ಸವೆಸುವ ನನ್ನಂಥ ಗುಮಾಸ್ತನಿಗೆ ಮೊದಲ ಎರಡು ಅಂಕಿಗಳ ಅಂತರ ಅರ್ಥವಾಗುತ್ತದೆ. ಹಣ ಮಂಜೂರಾಗಬೇಕು, ಜಾಗ ಸಿಗಬೇಕು, ಟೆಂಡರು ಆಗಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರವೇ ಮನಸ್ಸಿಗೆ ನೋವುಂಟುಮಾಡುವುದು. ಕಟ್ಟಿ ಮುಗಿಸಿ, ಫಲಕ ಹಾಕಿ, ಹಾರ ತುರಾಯಿಗಳೂ ಆದ ಮೇಲೆ ಆ ಸಾಮರ್ಥ್ಯದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಬಳಕೆಗೆ ಬರುತ್ತಿರಲಿಲ್ಲ. ಕೆಲವೆಡೆ ಚರಂಡಿಯ ಕೊಳವೆಯೇ ಕೇಂದ್ರಕ್ಕೆ ಸೇರಿರುವುದಿಲ್ಲ. ಕೆಲವೆಡೆ ವಿದ್ಯುತ್ತಿಗೆ ಹಣವಿಲ್ಲ, ಕೆಲಸ ಬಲ್ಲವರಿಲ್ಲ. ಕೇಂದ್ರ ಕಟ್ಟುವುದು ಒಮ್ಮೆಯ ಸುದ್ದಿ. ಅದನ್ನು ನಡೆಸುವುದು ಯಾರ ಕಣ್ಣಿಗೂ ಬೀಳದ ದಿನನಿತ್ಯದ ದುಡಿಮೆ.

ನಡೆಸಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧಿಮಾಡಿ ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಬೆಳ್ಳಂದೂರು ಇರುವುದೂ ಅದೇ ಕಣಿವೆಯಲ್ಲಿ. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು. ಆರಂಭದ ವರ್ಷದಲ್ಲೇ ಆ ನೀರಿನಲ್ಲಿ ನೊರೆ ಕಾಣಿಸಿಕೊಂಡು ದೂರುಗಳೆದ್ದವು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು; ಇನ್ನೂ ಹೆಚ್ಚಿನ ಶುದ್ಧಿ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಒಂದು ಊರನ್ನು ಸುಡುವ ನೊರೆಯೂ ಇನ್ನೊಂದು ಊರಿನ ಕೆರೆಗೆ ಬರುವ ನೀರೂ ಒಂದೇ ಮೂಲದವು. ನಡುವೆ ಇರುವುದು ಆ ಬ್ಯಾಕ್ಟೀರಿಯಗಳು ಮತ್ತು ಅವುಗಳ ಆರೈಕೆ ಮಾತ್ರ.

ಈ ಮಾತು ದೂರದ ಸರ್ಕಾರಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ನಮ್ಮಲ್ಲಿ ಅನೇಕರು ನಿವೃತ್ತಿಗೆಂದು ಊರಿನ ಕಡೆ ಫ್ಲ್ಯಾಟು ಕೊಂಡಿದ್ದೇವೆ, ಮಕ್ಕಳು ಕೊಂಡಿದ್ದಾರೆ. ಆ ಕಟ್ಟಡದ ನೆಲಮಾಳಿಗೆಯಲ್ಲಿ ಕೊಳಚೆ ಶುದ್ಧಿಯ ಘಟಕವಿದ್ದರೆ, ವಿದ್ಯುತ್ ಬಿಲ್ಲು ಉಳಿಸಲೆಂದು ರಾತ್ರಿ ಅದರ ಗಾಳಿಯಂತ್ರ ನಿಲ್ಲಿಸೋಣವೆಂಬ ಸಲಹೆ ನಿವಾಸಿಗಳ ಸಭೆಯಲ್ಲಿ ಬರುವುದುಂಟು. ಆಗ ಎದ್ದು ನಿಂತು, ಕೆಳಗೆ ಕೋಟ್ಯಂತರ ಜೀವಿಗಳು ಉಸಿರಾಡುತ್ತಿವೆ, ಅವು ಉಸಿರು ಬಿಟ್ಟರೆ ನಮ್ಮ ಕೊಳೆ ಪಕ್ಕದ ಕೆರೆಗೆ ಹೋಗುತ್ತದೆ ಎಂದು ಹೇಳಬೇಕಾದವರು ನಾವು. ಮನೆಯಲ್ಲಿ ಹೆಪ್ಪಿನ ಬಟ್ಟಲನ್ನು ಬರಿದು ಮಾಡದೆ ಉಳಿಸಿಕೊಂಡು ಬಂದ ನಮ್ಮ ತಾಯಂದಿರಿಗೆ ಈ ವಿಷಯವನ್ನು ವಿವರಿಸಿದರೆ ಸಭೆಯಲ್ಲಿ ಅವರ ಮಾತೇ ಗೆಲ್ಲುತ್ತದೆಂದು ನನ್ನ ನಂಬಿಕೆ.